ಕೇಳಿ, ಹೇಳ್ತೀನಿ: "ಯಾರನ್ನ ಹುಡುಕ್ಕೊಂಡು ಬಂದೀರಿ?"

ಹೋದ ತಿಂಗಳು ಬೇರೇನೋ ಮಾತಿನ ನಡುವೆ "ಮಹಿಳೆಯರ ಸ್ನೂಕರ್ ವಿಶ್ವ ಚಾಂಪಿಯನ್‌ಶಿಪ್ ಅಂತ ಒಂದಿದೆ, ಸಿಕ್ಕರೆ ಬಿಡದೆ ನೋಡಿ" ಎಂದು ಒಂದೇ ಸಾಲು ಬರೆದಿದ್ದೆ. ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಕುಸ್ತಿ, ಸೈಕಲ್ಲು, ಕಬಡ್ಡಿ ಬಿಟ್ಟರೆ ನಮ್ಮ ಕಡೆ ಬೇರೆ ಆಟದ ಮಾತು ನಡೆಯೋದು ಕಡಿಮೆ ಅಲ್ವಾ? ಹಾಗಾಗಿ ಈ ಸಲದ ಪುಟ ಪೂರ್ತಿ, ಹಸಿರು ಟೇಬಲ್ ಮೇಲೆ ಕೋಲಿನಿಂದ ಚೆಂಡು ಗುಂಡಿಗೆ ಹಾಕೋ ಈ ಸ್ನೂಕರ್‌ಗೇ ಬಿಟ್ಟಿದ್ದೇನೆ. ಬೀಗರ ಜಗಳ, ಸೈಟಿನ ತಕರಾರು ಕೇಳಿದವರು ಒಂದು ತಿಂಗಳು ತಡೆದುಕೊಳ್ಳಿ.

ಪೇಪರಿನಲ್ಲಿ ಚೆನ್ನೈನ ಹುಡುಗಿ ಮಹಿಳೆಯರ ಸ್ನೂಕರ್ ವಿಶ್ವ ಪ್ರಶಸ್ತಿ ಗೆದ್ದಳು ಅಂತ ಓದಿದೆ. ನನ್ನ ಮಗ ಫೋನ್ ತೋರಿಸಿ, ಅಲ್ಲಪ್ಪಾ, ಚಾಂಪಿಯನ್ ಚೀನಾದವಳು ಅಂತಾನೆ. ಇಬ್ಬರೂ ಚಹಾ ಪಂಥ ಕಟ್ಟಿದ್ದೇವೆ. ಯಾರು ಗೆದ್ದಂಗಾಯ್ತು?
– ಬ್ಯಾಂಕ್ ನೌಕರ, ಟಿಳಕವಾಡಿ, ಬೆಳಗಾವಿ

ಇಬ್ಬರೂ ಗೆದ್ದಿರಿ ಸರ್. ಚಹಾದ ದುಡ್ಡು ಯಾರು ಕೊಡೋದು ಅನ್ನೋದಷ್ಟೇ ಈಗ ಉಳಿದಿರೋದು.

ವಿಷಯ ಏನಂದರೆ, ವಿಶ್ವ ಚಾಂಪಿಯನ್‌ಶಿಪ್ ಅನ್ನೋ ಹೆಸರಿನಲ್ಲಿ ಎರಡು ಟೂರ್ನಿಗಳಿವೆ. ಒಂದು ಐಬಿಎಸ್‌ಎಫ್‌ನವರದ್ದು, ಅಂದರೆ ಹವ್ಯಾಸಿ ಆಟಗಾರರ ಅಂತರರಾಷ್ಟ್ರೀಯ ಸಂಸ್ಥೆಯದು. ನಮ್ಮ ದೇಶದ ಆಟಗಾರರು ರಾಜ್ಯ ಮಟ್ಟ, ರಾಷ್ಟ್ರ ಮಟ್ಟ ಆಡಿ ಭಾರತದ ಹೆಸರಿನಲ್ಲಿ ಹೋಗೋದು ಇದಕ್ಕೆ. 2025ರ ನವೆಂಬರ್‌ನಲ್ಲಿ ದೋಹಾದಲ್ಲಿ ಇದನ್ನು ಗೆದ್ದವರು ಚೆನ್ನೈನ ಅನುಪಮಾ ರಾಮಚಂದ್ರನ್. ಫೈನಲ್‌ನಲ್ಲಿ ಹಾಂಗ್‌ಕಾಂಗ್‌ನ ಎನ್‌ಜಿ ಆನ್ ಯೀ ಅವರನ್ನು 3-2ರಿಂದ ಸೋಲಿಸಿದರು. ಈ ಪ್ರಶಸ್ತಿ ಭಾರತದ ಹೆಣ್ಣುಮಗಳಿಗೆ ಬಂದದ್ದು ಇದೇ ಮೊದಲು. ಸೋತವರು ಸಾಮಾನ್ಯರಲ್ಲ, ಇನ್ನೊಂದು ವಿಶ್ವ ಚಾಂಪಿಯನ್‌ಶಿಪ್ ಮೂರು ಸಲ ಗೆದ್ದವರು ಅನ್ನೋದು ನೆನಪಿರಲಿ.

ಆ ಇನ್ನೊಂದು ಅಂದರೆ ವರ್ಲ್ಡ್ ವುಮೆನ್ಸ್ ಸ್ನೂಕರ್‌ನವರದ್ದು. ಇದು 1976ರಲ್ಲಿ ಇಂಗ್ಲೆಂಡಿನ ಮಿಡಲ್ಸ್‌ಬರೋದಲ್ಲಿ ಶುರುವಾದ ಹಳೇ ಟೂರ್ನಿ. ವೃತ್ತಿಪರ ಸ್ನೂಕರ್‌ನ ಕಡೆಗೆ ಬಾಗಿಲು ಇರೋದು ಈ ಮನೆಗೆ. ನಿಮ್ಮ ಮಗ ಹೇಳಿದ ಚೀನಾದವಳು ಬೈ ಯುಲು. 2024ರಲ್ಲಿ ಡಾಂಗ್‌ಗುವಾನ್‌ನಲ್ಲಿ ಥಾಯ್ಲೆಂಡಿನ ಮಿಂಕ್ ಮೇಲೆ 6-5ರಿಂದ ಗೆದ್ದಳು, ಮರುವರ್ಷ ಅದೇ ಊರಲ್ಲಿ ಅದೇ ಮಿಂಕ್ ಮೇಲೆ 6-4ರಿಂದ ಮತ್ತೆ ಗೆದ್ದಳು. ಮಿಂಕ್‌ನ ಪೂರ್ತಿ ಹೆಸರು ನುಚ್ಚರುತ್ ವೊಂಗ್‌ಹರುಥೈ. ನಮ್ಮ ನಾಲಿಗೆಗೆ ಅದು ಸುಲಭಕ್ಕೆ ಬಗ್ಗೋದಿಲ್ಲ, ಮಿಂಕ್ ಅಂದರೆ ಸಾಕು, ಅವಳನ್ನು ಎಲ್ಲರೂ ಕರೆಯೋದೂ ಹಾಗೇ.

ಈ ಎರಡನೇ ಟೂರ್ನಿಯಲ್ಲಿ ನಮಗೂ ಒಂದು ಸಂಕಟದ ಕತೆ ಇದೆ. 2017ರಲ್ಲಿ ಸಿಂಗಾಪುರದಲ್ಲಿ ಬೆಂಗಳೂರಿನ ವಿದ್ಯಾ ಪಿಳ್ಳೈ ಫೈನಲ್‌ವರೆಗೆ ಹೋಗಿದ್ದರು. ಎದುರಿಗೆ ಅದೇ ಎನ್‌ಜಿ ಆನ್ ಯೀ. 11 ಫ್ರೇಮ್‌ಗಳ ಆಟ (ಫ್ರೇಮ್ ಅಂದರೆ ಪಂದ್ಯದ ಒಂದು ಸುತ್ತು), ಮೊದಲು 6 ಗೆದ್ದವರಿಗೆ ಕಪ್. ಇಬ್ಬರೂ ಐದೈದು ಗೆದ್ದು ನಿಂತರು. ಕೊನೆಯ ಫ್ರೇಮ್ ಕೈ ತಪ್ಪಿತು. ಒಂದೇ ಒಂದು ಫ್ರೇಮ್! ಅವತ್ತು ಅದನ್ನು ಗೆದ್ದಿದ್ದರೆ ಇವತ್ತು ನಿಮ್ಮ ಚಹಾ ಪಂಥಕ್ಕೆ ಜಾಗವೇ ಇರುತ್ತಿರಲಿಲ್ಲ, ಮಗನಿಗೂ ಎರಡು ಹೆಸರು ಗೊತ್ತಿರುತ್ತಿದ್ದವು.

ಇದೇನು ಭಾರ ಎತ್ತೋ ಆಟ ಅಲ್ಲ, ಓಡೋ ಆಟ ಅಲ್ಲ. ಕೋಲಿನಿಂದ ಚೆಂಡು ತಳ್ಳೋದಕ್ಕೆ ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ ಟೂರ್ನಿ ಯಾಕೆ? ಹೆಂಗಸರಿಗೆ ಬರಲ್ಲ ಅಂತಾನಾ?
– ಮಹಿಳಾ ವಿವಿ ವಿದ್ಯಾರ್ಥಿನಿ, ವಿಜಯಪುರ

ಸಿಟ್ಟಿನಲ್ಲೇ ಬರೆದಿದ್ದೀರಿ ಅಂತ ಅಕ್ಷರ ನೋಡಿದರೇ ಗೊತ್ತಾಗುತ್ತೆ. ಸಿಟ್ಟು ಸರಿಯಾಗೇ ಇದೆ, ಆದರೆ ಅದು ಯಾರ ಮೇಲೆ ಹೋಗಬೇಕು ಅನ್ನೋದನ್ನ ಸ್ವಲ್ಪ ನೋಡೋಣ.

ಕಾಗದದ ಮೇಲೆ ವೃತ್ತಿಪರ ಸ್ನೂಕರ್ ಗಂಡಸರ ಆಟ ಅಲ್ಲ. 1990ರ ದಶಕದ ಶುರುವಿನಿಂದಲೇ ಅದು ಎಲ್ಲರಿಗೂ ತೆರೆದಿದೆ. 2021ರ ನಂತರ ಮಹಿಳಾ ಆಟದಿಂದ ನೇರವಾಗಿ ಎರಡು ವರ್ಷದ ವೃತ್ತಿಪರ ಟೂರ್ ಕಾರ್ಡ್, ಅಂದರೆ ವೃತ್ತಿಪರ ಟೂರ್ನಿಗಳಲ್ಲಿ ಆಡೋ ಹಕ್ಕು, ಕೊಡೋ ದಾರಿಯೂ ಇದೆ, ವಿಶ್ವ ಚಾಂಪಿಯನ್ ಆದವಳಿಗೆ ಅದು ಸಿಗುತ್ತೆ. ಅಂದರೆ ಈ ಟೂರ್ನಿ ಬೇಲಿ ಅಲ್ಲ, ಏಣಿ. ಆದರೂ ಶೆಫೀಲ್ಡ್‌ನ ಕ್ರೂಸಿಬಲ್ ಥಿಯೇಟರ್‌ನಲ್ಲಿ ವರ್ಷಾ ವರ್ಷಾ ನಡೆಯೋ ದೊಡ್ಡ ವಿಶ್ವ ಚಾಂಪಿಯನ್‌ಶಿಪ್‌ನ ಮುಖ್ಯ ಸುತ್ತಿಗೆ ಇಲ್ಲಿಯವರೆಗೆ ಒಬ್ಬ ಹೆಣ್ಣುಮಗಳೂ ಹೋಗಿಲ್ಲ. ಹತ್ತಿರ ಹೋಗಿದ್ದಾರೆ. 2015ರ ಅರ್ಹತಾ ಸುತ್ತಿನಲ್ಲಿ ಇಂಗ್ಲೆಂಡಿನ ರಿಯಾನ್ ಇವಾನ್ಸ್, 1997ರ ವಿಶ್ವ ಚಾಂಪಿಯನ್ ಕೆನ್ ಡೋಹರ್ಟಿ ಎದುರು 10-8ರವರೆಗೆ ಎಳೆದುಕೊಂಡು ಹೋಗಿ ಸೋತರು. ಬರೋದಿಲ್ಲ ಅನ್ನೋರಿಗೆ ಆ ಸ್ಕೋರ್ ತೋರಿಸಿ.

ಹಾಗಾದರೆ ತೊಂದರೆ ಎಲ್ಲಿ? ನನ್ನ ಲೆಕ್ಕ ಹೀಗಿದೆ. ಒಂದು ಊರಿನ ಸ್ನೂಕರ್ ಪಾರ್ಲರ್‌ನಲ್ಲಿ ದಿನಾ ಐವತ್ತು ಹುಡುಗರು ಆಡಿದರೆ ಅವರಲ್ಲಿ ಒಬ್ಬ ಚೆನ್ನಾಗಿ ಆಡೋನು ಹುಟ್ಟಿಕೊಳ್ಳುತ್ತಾನೆ, ಅವನನ್ನು ಸೋಲಿಸಬೇಕು ಅಂತ ಇನ್ನಿಬ್ಬರು ತಯಾರಾಗುತ್ತಾರೆ. ಹುಡುಗಿಯರು ಎಷ್ಟು ಜನ? ಸೊನ್ನೆಯಿಂದ ಒಬ್ಬಳನ್ನು ಆರಿಸೋದು ಹೇಗೆ? ಅಪ್ಪಿತಪ್ಪಿ ಒಬ್ಬಳು ಇದ್ದರೂ ದಿನಾ ಆರು ತಾಸು ಟೇಬಲ್ ಹತ್ತಿರ ನಿಲ್ಲೋಕೆ ಯಾರು ಬಿಡುತ್ತಾರೆ? ಕೈಬಲದ ಮಾತು ಆಮೇಲೆ.

ಇನ್ನೊಂದು ದುಡ್ಡು. ಅಲಿಸನ್ ಫಿಶರ್ ಅಂತ ಒಬ್ಬರಿದ್ದಾರೆ, 1985ರಲ್ಲಿ 17ನೇ ವಯಸ್ಸಿಗೇ ಮೊದಲ ಸಲ ವಿಶ್ವ ಚಾಂಪಿಯನ್ ಆಗಿ, ಒಟ್ಟು ಏಳು ಸಲ ಗೆದ್ದವರು. 1990ರ ದಶಕದ ಮಧ್ಯದಲ್ಲಿ ಸ್ನೂಕರ್ ಬಿಟ್ಟು, ಪೂಲ್ ಅನ್ನೋ ಇದೇ ಥರದ ಇನ್ನೊಂದು ಟೇಬಲ್ ಆಟ ಆಡೋಕೆ ಅಮೆರಿಕಕ್ಕೆ ಹೋದರು. ಮೂರು ಸಲ ಗೆದ್ದ ಕರೆನ್ ಕಾರ್ ಹಿಂದೆಯೇ ಹೋದರು. ಐದು ಸಲ ಗೆದ್ದ ಕೆಲಿ ಫಿಶರ್ ಕೂಡ ಹೋದರು. ಮೂವರ ಲೆಕ್ಕ ಕೂಡಿಸಿ, 15 ವಿಶ್ವ ಪ್ರಶಸ್ತಿ! ಅಷ್ಟೂ ಗೆದ್ದು ಹೊಟ್ಟೆಪಾಡಿಗೆ ಬೇರೆ ಆಟ ಹುಡುಕಬೇಕಾಯ್ತು ಅಂದರೆ ಆ ಆಟದಲ್ಲಿ ಹೆಂಗಸರಿಗೆ ಎಷ್ಟು ಸಿಗುತ್ತಿತ್ತು ಅಂತ ನೀವೇ ಊಹಿಸಿ. 2004ರಲ್ಲಂತೂ ಮಹಿಳಾ ವಿಶ್ವ ಚಾಂಪಿಯನ್‌ಶಿಪ್ ನಡೆಯಲೇ ಇಲ್ಲ. ಮರುವರ್ಷ ಶುರುವಾದಾಗ ಗೆದ್ದವರು ಆಗಲೇ ಹೇಳಿದ ರಿಯಾನ್ ಇವಾನ್ಸ್, ಅಲ್ಲಿಂದ 2014ರವರೆಗೆ ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ, ಹತ್ತು ವರ್ಷ ಸಾಲಾಗಿ. ಮುಂದೆ 2016, 2019 ಸೇರಿಸಿ ಒಟ್ಟು 12.

ನಾನು ಕೇರಂ ಆಡಿದವ. ಮೊಮ್ಮಗಳು ಮೊಬೈಲಿನಲ್ಲಿ ಸ್ನೂಕರ್ ಹಚ್ಚಿಕೊಡ್ತಾಳೆ, ಬಣ್ಣದ ಚೆಂಡು ಒಳಗೆ ಹಾಕ್ತಾರೆ, ಮತ್ತೆ ತೆಗೆದು ಹೊರಗೆ ಇಡ್ತಾರೆ. ಏನೂ ತಿಳಿಯದು. 147 ಅಂದರೇನು?
– ನಿವೃತ್ತ ಮೇಷ್ಟ್ರು, ಇಂಡಿ

ಗುರುಗಳೇ, ಕೇರಂ ಗೊತ್ತಿದ್ದವರಿಗೆ ಅರ್ಧ ಸ್ನೂಕರ್ ಬಂದಂತೆಯೇ. ಅಲ್ಲಿ ಸ್ಟ್ರೈಕರ್, ಇಲ್ಲಿ ಬಿಳಿ ಚೆಂಡು. ಅದು ಗುಂಡಿಗೆ ಬಿದ್ದರೆ ಅಲ್ಲೂ ದಂಡ, ಇಲ್ಲೂ ದಂಡ.

15 ಕೆಂಪು ಚೆಂಡು, ಒಂದೊಂದಕ್ಕೆ ಒಂದು ಅಂಕ. ಮಿಕ್ಕ ಆರು ಬಣ್ಣ: ಹಳದಿ 2, ಹಸಿರು 3, ಕಂದು 4, ನೀಲಿ 5, ಗುಲಾಬಿ 6, ಕಪ್ಪು 7. ಮೊದಲು ಕೆಂಪು ಹಾಕಬೇಕು, ಆಮೇಲೆ ಒಂದು ಬಣ್ಣ, ಮತ್ತೆ ಕೆಂಪು, ಮತ್ತೆ ಬಣ್ಣ. ಕೇರಂನಲ್ಲಿ ಕ್ವೀನ್ ಹಾಕಿದ ಮೇಲೆ ಕವರ್ ತೋರಿಸಬೇಕು ಅಲ್ವಾ, ಇಲ್ಲಿ ಉಲ್ಟಾ, ಕವರ್ ಮೊದಲು, ರಾಣಿ ಆಮೇಲೆ ಅಂದುಕೊಳ್ಳಿ. ಕೆಂಪು ಮುಗಿಯೋವರೆಗೆ ಬಣ್ಣದ ಚೆಂಡು ತನ್ನ ಜಾಗಕ್ಕೆ ವಾಪಸ್ ಬರುತ್ತೆ, ನೀವು ನೋಡಿದ್ದು ಅದನ್ನೇ. ಕೆಂಪು ಖಾಲಿಯಾದ ಮೇಲೆ ಬಣ್ಣಗಳನ್ನು ಹಳದಿಯಿಂದ ಕಪ್ಪಿನವರೆಗೆ ಸಾಲಾಗಿ ಹಾಕಬೇಕು, ಆಗ ವಾಪಸ್ ಇಲ್ಲ.

ಈಗ ಲೆಕ್ಕ, ನಿಮಗೆ ಇಷ್ಟವಾಗುತ್ತೆ. ಪ್ರತಿ ಕೆಂಪಿನ ಜೊತೆ ಕಪ್ಪನ್ನೇ ಹಾಕಿದರೆ 8. ಹದಿನೈದು ಎಂಟಲಿ 120. ಕೊನೆಯ ಆರು ಬಣ್ಣ ಸೇರಿ 27. ಒಟ್ಟು 147. ಎದುರಾಳಿಗೆ ಒಂದು ಹೊಡೆತವನ್ನೂ ಬಿಡದೆ ಒಂದೇ ಸರತಿಯಲ್ಲಿ ಇಷ್ಟು ಮಾಡೋದು ಬಹಳ ಅಪರೂಪ. ಮೇಲೆ ಹೇಳಿದ ಮಿಂಕ್ 2019ರಲ್ಲಿ ಅಭ್ಯಾಸದ ಪಂದ್ಯವೊಂದರಲ್ಲಿ 147 ಹೊಡೆದಿದ್ದಳು. ಕಪ್ ಇರಲಿಲ್ಲ, ಟಿವಿ ಇರಲಿಲ್ಲ, ಆದರೂ ಸುದ್ದಿ ಊರೂರು ತಿರುಗಿತು.

ದಂಡ ಕನಿಷ್ಠ 4, ಜಾಸ್ತಿ ಅಂದರೆ 7, ಅದು ಎದುರಾಳಿಯ ಖಾತೆಗೆ ಹೋಗುತ್ತೆ. ಒಮ್ಮೊಮ್ಮೆ ಚೆಂಡು ಹಾಕೋ ಬದಲು ಬಿಳಿ ಚೆಂಡನ್ನು ಒಯ್ದು ಬೇರೆ ಚೆಂಡಿನ ಹಿಂದೆ ಬಚ್ಚಿಡುತ್ತಾರೆ, ಎದುರಿನವರಿಗೆ ದಾರಿಯೇ ಕಾಣಬಾರದು ಅಂತ. ಅದಕ್ಕೇ ಸ್ನೂಕರ್ ಮಾಡೋದು ಅನ್ನೋದು. ಮೊಮ್ಮಗಳು ಬೇಜಾರು ಅಂತ ಮುಂದಕ್ಕೆ ಓಡಿಸೋದು ಬಹುಶಃ ಆ ಭಾಗವನ್ನೇ. ಓಡಿಸೋಕೆ ಬಿಡಬೇಡಿ, ಮಜಾ ಇರೋದು ಅಲ್ಲೇ.

ನಾನು ಪಿಯುಸಿ ಎರಡನೇ ವರ್ಷ. ಚಿಕ್ಕಪ್ಪನ ಮಗ ಪಾರ್ಲರ್‌ಗೆ ಹೋಗಿ ಸ್ನೂಕರ್ ಆಡ್ತಾನೆ, ಒಂದು ಸಲ ನನ್ನನ್ನೂ ಕರೆದುಕೊಂಡು ಹೋಗಿದ್ದ, ನನಗೆ ಅವನಿಗಿಂತ ಚೆನ್ನಾಗಿ ಬಂತು. ಅಪ್ಪನಿಗೆ ಗೊತ್ತಾಗಿ ದೊಡ್ಡ ರಂಪ. ಅದು ಬೀಡಿ, ಸಿಗರೇಟು, ಜೂಜಿನ ಜಾಗ ಅಂತಾರೆ. ಕದ್ದು ಹೋಗಲಾ?
– ಹೆಸರು ಬೇಡ, ಮುಧೋಳ

ಬೇಡ ತಂಗಿ, ಕದ್ದು ಹೋಗಬೇಡ. ಯಾಕೆ ಅಂತ ಹೇಳೋಕೆ ಮುಂಚೆ ನನ್ನ ಕತೆ ಕೇಳು.

ನಾನು ಡಿಗ್ರಿ ಓದುವಾಗ ಬೆಳಗಾವಿಯ ಒಂದು ಪಾರ್ಲರ್‌ಗೆ ಗೆಳತಿಯ ಜೊತೆ ಹೋಗಿದ್ದೆ. ಮೆಟ್ಟಿಲು ಇಳಿದು ಹೋಗಬೇಕು, ಒಳಗೆ ಹಸಿರು ಟೇಬಲ್ ಮೇಲೆ ಮಾತ್ರ ಬೆಳಕು, ಸುತ್ತ ಕತ್ತಲು. ನಾವು ಬಾಗಿಲಲ್ಲಿ ನಿಂತಿದ್ದೇ ತಡ, ಆಡ್ತಿದ್ದವರು ಕೋಲು ಇಳಿಸಿದರು. ಗಲ್ಲಾದ ಮೇಲೆ ಕೂತಿದ್ದ ಕಾಕಾ ಎದ್ದು ಬಂದು ಬಹಳ ಮರ್ಯಾದೆಯಿಂದಲೇ ಕೇಳಿದರು, "ಯಾರನ್ನ ಹುಡುಕ್ಕೊಂಡು ಬಂದೀರಿ?" ಅಣ್ಣನನ್ನೋ ತಮ್ಮನನ್ನೋ ಮನೆಗೆ ಕರೆಯೋಕೆ ಬಂದಿದ್ದೇವೆ ಅಂತ ಅವರ ಲೆಕ್ಕ. ಆಡೋಕೆ ಬಂದಿದ್ದೀವಿ ಅಂತ ಹೇಳೋ ಧೈರ್ಯ ಇಬ್ಬರಿಗೂ ಬರಲಿಲ್ಲ. ಯಾರದೋ ಹೆಸರು ಹೇಳಿ, ಇಲ್ಲ ಅನ್ನಿಸಿಕೊಂಡು, ಮೆಟ್ಟಿಲು ಹತ್ತಿ ಬಂದ್ವಿ. ಹೊರಗೆ ಬಂದು ಹೊಟ್ಟೆ ಹುಣ್ಣಾಗೋ ಹಾಗೆ ನಕ್ವಿ. ಆಮೇಲೆ ಮನೆಗೆ ಹೋಗಿ ನಾನಂತೂ ಸ್ವಲ್ಪ ಅತ್ತೆ, ಅದು ಬೇರೆ ಮಾತು.

ಇದು ಬರೀ ನಮ್ಮೂರ ಕತೆ ಅಂದುಕೋಬೇಡ. ಇಂಗ್ಲೆಂಡಿನ ಕೀತ್ಲಿ ಅನ್ನೋ ಊರಿನ ರೆಬೆಕಾ ಕೆನ್ನಾ ಮಹಿಳಾ ಸ್ನೂಕರ್‌ನ ಮುಂಚೂಣಿ ಆಟಗಾರ್ತಿ. ತನ್ನೂರಿನ ಲೀಗ್‌ನಲ್ಲಿ ಗಂಡಸರ ಜೊತೆ ಆಡುತ್ತಿದ್ದರು. ಆ ಲೀಗ್‌ನ ಕೆಲವು ಕ್ಲಬ್ಬುಗಳಲ್ಲಿ ಸ್ನೂಕರ್ ಕೋಣೆಗೆ ಹೆಂಗಸರನ್ನು ಬಿಡೋದೇ ಇಲ್ಲ ಅನ್ನೋ ನಿಯಮ. ಹಳೇ ಕಾಲದ ಮಾತಲ್ಲ ತಂಗಿ, 2019! ಬೇಸತ್ತು ಲೀಗ್ ಬಿಟ್ಟರು, ಸುದ್ದಿ ದೊಡ್ಡದಾಯ್ತು. 2022ರಲ್ಲಿ ಅದೇ ಕೆನ್ನಾಗೆ ವೃತ್ತಿಪರ ಟೂರ್ ಕಾರ್ಡ್ ಸಿಕ್ಕಿತು.

ಈಗ ಕದ್ದು ಹೋಗೋದು ಯಾಕೆ ಬೇಡ ಅಂತ. ಈ ಆಟದಲ್ಲಿ ಮೇಲೆ ಬಂದ ಹುಡುಗಿಯರ ಹಿಂದೆ ಸ್ವಲ್ಪ ಹೋಗಿ ನೋಡು. ಮಿಂಕ್‌ನ ಅಮ್ಮ ಸ್ನೂಕರ್ ಕ್ಲಬ್ಬಿನಲ್ಲೇ ಕೆಲಸ ಮಾಡುತ್ತಿದ್ದವರು, ಮಗಳು ಹತ್ತು ವರ್ಷಕ್ಕೆ ಅಲ್ಲೇ ಕೋಲು ಹಿಡಿದಳು. ಎನ್‌ಜಿ ಆನ್ ಯೀಗೆ ಈ ಹುಚ್ಚು ಹತ್ತಿದ್ದು ಅಪ್ಪನಿಂದ. ಅವರನ್ನು ಬಾಗಿಲಲ್ಲಿ ನಿಲ್ಲಿಸಿ ಯಾರನ್ನ ಹುಡುಕ್ಕೊಂಡು ಬಂದೆ ಅಂತ ಯಾರೂ ಕೇಳಲಿಲ್ಲ, ಯಾಕಂದರೆ ಒಳಗೆ ಅವರ ಮನೆಯವರೇ ಇದ್ದರು. ನಿನಗೂ ಹಾಗೆ ಒಬ್ಬರು ಬೇಕು. ಅದು ನಿನ್ನ ಅಪ್ಪನೇ ಆಗಬಹುದು.

ಹಾಗಾಗಿ ಅಪ್ಪನ ಜೊತೆ ಜಗಳ ಬೇಡ, ಅಪ್ಪನನ್ನೇ ಅಲ್ಲಿಗೆ ಕರೆದುಕೊಂಡು ಹೋಗು. ಭಾನುವಾರ ಸಂಜೆ ಬೇಡ, ಆಗ ಗದ್ದಲ ಇರುತ್ತೆ. ವಾರದ ನಡುವೆ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ, ಆಗ ಟೇಬಲ್ ಖಾಲಿ ಇರುತ್ತವೆ, ಮಾಲೀಕನಿಗೂ ಗಿರಾಕಿ ಬೇಕಾಗಿರುತ್ತೆ. ಹೊಗೆ ಇದೆಯಾ, ಯಾರು ಯಾರು ಬರ್ತಾರೆ, ಅಪ್ಪನೇ ನೋಡಲಿ. ಜೂಜಿನ ವಿಷಯ ಅವರು ಸುಮ್ನೆ ಹೇಳಿದ್ದಲ್ಲ. ಎಷ್ಟೋ ಪಾರ್ಲರ್‌ಗಳಲ್ಲಿ ಸೋತವರು ಟೇಬಲ್ ದುಡ್ಡು ಕೊಡಬೇಕು ಅನ್ನೋ ಪದ್ಧತಿ ಇದೆ, ಅದು ಅಲ್ಲಿಗೇ ನಿಂತರೆ ಸರಿ, ಒಮ್ಮೊಮ್ಮೆ ಅಲ್ಲಿಂದ ಬೆಳೆಯುತ್ತೆ. ನೀನು ಮೊದಲೇ ಹೇಳಿಬಿಡು, ಗೆದ್ದರೂ ಸೋತರೂ ಅರ್ಧ ಅರ್ಧ. ನೋಡಿದ ಮೇಲೂ ಅಪ್ಪ ಬೇಡ ಅಂದರೆ, ಆ ಜಾಗ ನಿಜವಾಗಿ ಸರಿ ಇಲ್ಲದಿದ್ದರೆ, ಅವರ ಮಾತು ಕೇಳು. ಎಲ್ಲಾ ಪಾರ್ಲರ್ ಒಳ್ಳೆಯವು ಅಂತ ನಾನು ಇಲ್ಲಿ ಕೂತು ಹೇಳಲಾರೆ. ಹಳೇ ಆಫೀಸರ್ ಕ್ಲಬ್ಬುಗಳಲ್ಲಿ ಬಟ್ಟೆ ಹೊದ್ದು ಮಲಗಿರೋ ಟೇಬಲ್‌ಗಳೂ ಇರುತ್ತವೆ, ಸದಸ್ಯರಾದವರು ಯಾರಾದರೂ ಗುರುತಿನವರು ಇದ್ದಾರಾ ಅಂತ ವಿಚಾರಿಸಿ.

ಅಲ್ಲಿಯವರೆಗೆ ಮನೆಯಲ್ಲಿ ಒಂದು ಕೆಲಸ ಮಾಡು. ಒಂದು ಖಾಲಿ ಗಾಜಿನ ಬಾಟ್ಲಿಯನ್ನು ಮೇಜಿನ ಮೇಲೆ ಅಡ್ಡ ಮಲಗಿಸು, ಉರುಳದ ಹಾಗೆ ಎರಡೂ ಕಡೆ ಪುಸ್ತಕ ಇಡು. ಕ್ಯೂ, ಅಂದರೆ ಸ್ನೂಕರ್ ಆಡೋ ಕೋಲು, ಇಲ್ಲದಿದ್ದರೆ ನೆಟ್ಟಗಿರೋ ಯಾವುದಾದರೂ ಕೋಲು ಸಾಕು. ಅದನ್ನು ಬಾಟ್ಲಿಯ ಬಾಯಿಯೊಳಗೆ ತಳ್ಳಿ ಹಿಂದಕ್ಕೆ ಎಳೆಯಬೇಕು, ಅಂಚಿಗೆ ತಾಗಬಾರದು. ಟಿಕ್ ಅಂತ ಸಪ್ಪಳ ಬಂತು ಅಂದರೆ ಕೈ ಸೊಟ್ಟ ಹೋಯ್ತು ಅಂತ. ನೂರು ಸಲ ಸಪ್ಪಳ ಇಲ್ಲದೆ ಮಾಡಿದ ದಿನ ನನಗೊಂದು ಪತ್ರ ಬರೆ, ಮತ್ತೆ ಪಿಯುಸಿ ಪರೀಕ್ಷೆ ಮುಗಿದ ಮೇಲೆ ಬರೆ, ಮೊದಲಲ್ಲ.

ಮಗಳು ಸ್ನೂಕರ್ ಕಲೀತೀನಿ ಅಂತಾಳೆ. ಅಡ್ಡಿ ಇಲ್ಲ, ಆದರೆ ಟೇಬಲ್ ಮೇಲೆ ಅಷ್ಟು ಬಗ್ಗಿ ಆಡಬೇಕಲ್ಲ, ಬಟ್ಟೆ ಏನು ಹಾಕಿಸಬೇಕು?
– ಗೃಹಿಣಿ, ಇಳಕಲ್

ಅಕ್ಕಾರೆ, ಇಳಕಲ್‌ನಿಂದ ಬಟ್ಟೆ ಬಗ್ಗೆ ಪ್ರಶ್ನೆ ಬಂದರೆ ನಾನೇನು ಹೇಳಲಿ! ಸೀರೆ ಮಾತ್ರ ಬೇಡ. ದೊಡ್ಡ ಟೂರ್ನಿಗಳಲ್ಲಿ ಪ್ಯಾಂಟು, ತುಂಬು ಶರ್ಟು, ಮೇಲೊಂದು ವೇಸ್ಟ್‌ಕೋಟು ಹಾಕಿ ಆಡೋದು ವಾಡಿಕೆ. ನೋಡೋಕೆ ಮದುವೆಗೆ ಹೊರಟ ಹಾಗೆ ಕಾಣ್ತಾರೆ. ಕಲಿಯೋವಾಗ ಚೂಡಿದಾರ ಸಾಕು, ಆದರೆ ಓಡಣಿ ತೆಗೆದಿಡಬೇಕು ಅಥವಾ ಬಿಗಿಯಾಗಿ ಪಿನ್ ಮಾಡಬೇಕು. ನಾಚಿಕೆ ಮಾತಲ್ಲ, ನಿಯಮದ ಮಾತು. ಬಟ್ಟೆಯ ಅಂಚು ಚೆಂಡಿಗೆ ತಾಗಿದರೂ ಅದು ಫೌಲ್. ಬಳೆ, ಜಡೆ, ಸರ ಏನೇ ತಾಗಲಿ ಫೌಲೇ. ಇನ್ನೊಂದು, ಹೊಡೆಯೋವಾಗ ಒಂದು ಕಾಲಾದರೂ ನೆಲದ ಮೇಲಿರಬೇಕು. ಮಗಳು ಗಿಡ್ಡ ಇದ್ದರೆ ಟೇಬಲ್ ಮೇಲೆ ಹತ್ತೋಕೆ ಹೋಗಬಾರದು, ದೂರದ ಚೆಂಡಿಗೆ ರೆಸ್ಟ್ ಅಂತ ತುದಿಗೆ ಅಡ್ಡಪಟ್ಟಿ ಇರೋ ಇನ್ನೊಂದು ಕೋಲು ಇರುತ್ತೆ, ಅದರ ಮೇಲೆ ಕ್ಯೂ ಇಟ್ಟು ಹೊಡೆಯಬೇಕು. ಅದನ್ನು ಬೇಗ ಕಲಿಸಿ.

ಈ ಸಲ ಕಬ್ಬಿನ ಬಿಲ್ ಚೆನ್ನಾಗಿ ಬಂದಿದೆ. ಇಬ್ಬರು ಹೆಣ್ಣುಮಕ್ಕಳು, ಮಹಡಿ ಮೇಲೆ ಒಂದು ಖೋಲಿ ಖಾಲಿ ಇದೆ. ಸ್ನೂಕರ್ ಟೇಬಲ್ ತರಿಸಿಬಿಡಲಾ?
– ರೈತ, ಅಥಣಿ

ಗೌಡ್ರೇ, ನಿಮ್ಮಂಥ ಅಪ್ಪ ಮುಧೋಳದ ಆ ಹುಡುಗಿಗೆ ಸಿಗಬೇಕಿತ್ತು. ಆದರೆ ಮಹಡಿ ಅಂದ್ರಲ್ಲ, ಅಲ್ಲಿ ನನ್ನ ಎದೆ ಧಸಕ್ ಅಂತು.

ಪೂರ್ಣ ಅಳತೆಯ ಟೇಬಲ್ 12 ಅಡಿ ಉದ್ದ, 6 ಅಡಿ ಅಗಲ. ಅದರ ಹಸಿರು ಬಟ್ಟೆಯ ಕೆಳಗೆ ಇರೋದು ಹಲಗೆ ಅಲ್ಲ, ಕಲ್ಲು. ಸ್ಲೇಟ್ ಕಲ್ಲಿನ ಐದು ದಪ್ಪ ಹಾಸುಗಳನ್ನು ಜೋಡಿಸಿ ಮಟ್ಟ ಮಾಡಿರುತ್ತಾರೆ. ಎಲ್ಲಾ ಸೇರಿ ಒಂದು ಟನ್‌ಗಿಂತ ಜಾಸ್ತಿ ತೂಕ. ಇಂಜಿನಿಯರ್ ಒಬ್ಬರನ್ನು ಕರೆಸಿ ಕೇಳದೆ ಅದನ್ನು ಮಹಡಿಗೆ ಏರಿಸಬೇಡಿ, ಕೆಳಗಿನ ಮನೆಯವರು ಸ್ನೂಕರ್ ಬೇಡ ಜೀವ ಸಾಕು ಅಂತಾರೆ. ಖೋಲಿಯೂ ದೊಡ್ಡದು ಬೇಕು. ಟೇಬಲ್ ಸುತ್ತ ನಿಂತು ಕ್ಯೂ ಹಿಂದಕ್ಕೆ ಎಳೆಯೋಕೆ ಜಾಗ ಬೇಕಲ್ಲ, ಸುಮಾರು 22 ಅಡಿಗೆ 16 ಅಡಿ ಇದ್ದರೆ ಆರಾಮ. ಇಲ್ಲಾಂದರೆ ಪ್ರತಿ ಹೊಡೆತಕ್ಕೂ ಗೋಡೆಯ ಸುಣ್ಣ ಉದುರುತ್ತೆ.

ಆಮೇಲೆ ನಮ್ಮ ಕಡೆಯ ಧೂಳು. ಆ ಬಟ್ಟೆಗೆ ಮಖಮಲ್ಲಿನ ಹಾಗೆ ನವಿರು ಕೂದಲಿರುತ್ತೆ, ಅದು ಒಂದೇ ದಿಕ್ಕಿಗೆ ಮಲಗಿರುತ್ತೆ, ಬ್ರಷ್ ಹೊಡೆಯೋದೂ ಇಸ್ತ್ರಿ ಮಾಡೋದೂ ಅದೇ ದಿಕ್ಕಿಗೆ. ಎರಿ ಮಣ್ಣಿನ ಧೂಳು ಒಂದು ವಾರ ಕೂತರೆ ಚೆಂಡು ತನಗೆ ಬೇಕಾದ ಕಡೆ ಹೋಗುತ್ತೆ. ದಿನಾ ನೋಡಿಕೊಳ್ಳೋರು ಇದ್ದರೆ ತರಿಸಿ. ನನ್ನನ್ನು ಕೇಳಿದರೆ ಮೊದಲ ವರ್ಷ ಟೇಬಲ್ ಬೇಡ, ಇಬ್ಬರಿಗೂ ಒಂದೊಂದು ಒಳ್ಳೆ ಕ್ಯೂ ಕೊಡಿಸಿ, ವಾರಕ್ಕೆ ಎರಡು ಸಲ ನೀವೇ ಗಾಡಿಯಲ್ಲಿ ಬೆಳಗಾವಿಗೋ ಮೀರಜಿಗೋ ಕರೆದುಕೊಂಡು ಹೋಗಿ ಆಡಿಸಿ. ಎದುರಾಳಿ ಇಲ್ಲದ ಟೇಬಲ್ ಮೇಲೆ ಆರು ತಿಂಗಳಿಗೆ ಉಳ್ಳಾಗಡ್ಡಿ ಒಣಹಾಕ್ತಾರೆ, ನಾನು ಬಲ್ಲೆ.

ಸ್ನೂಕರ್ ಹುಟ್ಟಿದ್ದು ನಮ್ಮ ದೇಶದಲ್ಲೇ ಅಂತ ಗೆಳೆಯ ಹೇಳ್ತಾನೆ. ಬಿಡ್ತಾ ಇದ್ದಾನಾ?
– ಖಾನಾಪುರ

ಇಲ್ಲ, ಈ ಸಲ ನಿಜ ಹೇಳಿದ್ದಾನೆ. 1875ರಲ್ಲಿ ಜಬಲ್‌ಪುರದಲ್ಲಿದ್ದ ಬ್ರಿಟಿಷ್ ಸೈನ್ಯದ ಅಧಿಕಾರಿ ನೆವಿಲ್ ಚೇಂಬರ್ಲೇನ್ ಹೆಸರಿನಲ್ಲಿ ಈ ಆಟದ ಹುಟ್ಟು ಹೇಳುತ್ತಾರೆ. 1882ರ ಸುಮಾರಿಗೆ ಊಟಿಯ ಕ್ಲಬ್ಬಿನಲ್ಲಿ ನಿಯಮ ಬರೆದು ಹಾಕಿದರು. ಸ್ನೂಕರ್ ಅಂದರೆ ಅವರ ಸೈನ್ಯದ ಆಡುಮಾತಿನಲ್ಲಿ ಹೊಸದಾಗಿ ಸೇರಿದ, ಏನೂ ಬಾರದ ಹುಡುಗ ಅಂತ. ಚೆಂಡು ಹಾಕೋದು ತಪ್ಪಿಸಿಕೊಂಡವನನ್ನು ಹಾಗೆ ಬೈದದ್ದೇ ಆಟದ ಹೆಸರಾಯ್ತಂತೆ. ನಮ್ಮೂರಲ್ಲಿ ಹುಟ್ಟಿದ್ದರೆ ಏನು ಹೆಸರು ಬೀಳುತ್ತಿತ್ತೋ, ಅಚ್ಚು ಹಾಕೋಕೆ ಬರ್ತಿರಲಿಲ್ಲ.

ನನಗೆ 47. ಹೈಸ್ಕೂಲ್ ಟೀಚರ್. ಟಿವಿಯಲ್ಲಿ ನೋಡಿ ನೋಡಿ ಆಡೋ ಆಸೆ ಬಂದಿದೆ. ಮನೆಯಲ್ಲಿ ನಗ್ತಾರೆ. ಜೊತೆಗೆ ಚಾಳೀಸು ಕನ್ನಡಕ. ವಯಸ್ಸು ಮೀರಿತಾ ಮೇಡಂ?
– ಶಿಕ್ಷಕಿ, ಜಮಖಂಡಿ

ಟೀಚರ್, ನಿಮ್ಮ ಪ್ರಶ್ನೆಯನ್ನ ಬೇಕೆಂದೇ ಕೊನೆಗೆ ಇಟ್ಟುಕೊಂಡೆ.

1976ರ ಮೊದಲ ಮಹಿಳಾ ವಿಶ್ವ ಚಾಂಪಿಯನ್ ಯಾರು ಗೊತ್ತಾ? ವೆರಾ ಸೆಲ್ಬಿ. ಹುಟ್ಟಿದ್ದು 1930ರಲ್ಲಿ, ಲೆಕ್ಕ ಹಾಕಿ. ನಿಮ್ಮ ಹಾಗೆ ಪಾಠ ಹೇಳೋರು, ನ್ಯೂಕಾಸಲ್‌ನಲ್ಲಿ ಕಲೆಯ ಉಪನ್ಯಾಸಕಿ. ಅಷ್ಟಕ್ಕೇ ನಿಲ್ಲಲಿಲ್ಲ, 1981ರಲ್ಲಿ 51ನೇ ವಯಸ್ಸಿಗೆ ಎರಡನೇ ಸಲ ವಿಶ್ವ ಚಾಂಪಿಯನ್ ಆದರು. ಮೂರು ವರ್ಷ ಬಿಟ್ಟು 1984ರಲ್ಲಿ ಅದೇ ಕಪ್ ಎತ್ತಿದವಳು ಸ್ಟೇಸಿ ಹಿಲ್ಯಾರ್ಡ್, ಅವಳಿಗೆ ಆಗ 15. ನಿಮ್ಮ ಶಾಲೆಯ ಹತ್ತನೇ ಕ್ಲಾಸಿನ ಹುಡುಗಿಯೂ ಅವಳ ಅಜ್ಜಿ ವಯಸ್ಸಿನವರೂ ಒಂದೇ ಕಪ್ಪಿಗೆ ಆಡೋ ಆಟ ಬೇರೆ ಯಾವುದಿದೆ, ಹೇಳಿ ನೋಡೋಣ.

ಇಂಗ್ಲೆಂಡ್ ದೂರ ಆಯ್ತು ಅನ್ನಿಸಿದರೆ ಬೆಂಗಳೂರಿಗೆ ಬನ್ನಿ. ಉಮಾದೇವಿ ನಾಗರಾಜ್ ನಮ್ಮ ರಾಜ್ಯ ಸರ್ಕಾರದ ನೌಕರಿಯಲ್ಲಿದ್ದವರು. ಕ್ಯೂ ಹಿಡಿದದ್ದು ಮೂವತ್ತರ ಹೊತ್ತಿಗೆ, ನೌಕರರ ಕ್ಲಬ್ಬಿನಲ್ಲಿ. 2012ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಪ್ರಶಸ್ತಿ ಗೆದ್ದರು. ಬಿಲಿಯರ್ಡ್ಸ್ ಅಂದರೆ ಅದೇ ಟೇಬಲ್, ಅದೇ ಕೋಲು, ಮೂರೇ ಚೆಂಡು. ಚಿತ್ರಾ ಮಗಿಮೈರಾಜ್ ಹಾಕಿ ಆಡುತ್ತಿದ್ದವರು, ಆಮೇಲೆ ಈ ಕಡೆ ಬಂದು ಅದೇ ಬಿಲಿಯರ್ಡ್ಸ್‌ನಲ್ಲಿ ವಿಶ್ವ ಪ್ರಶಸ್ತಿ ಗೆದ್ದವರು. ಮನೆಯಲ್ಲಿ ನಗೋರಿಗೆ ಈ ಎರಡು ಹೆಸರು ಊಟಕ್ಕೆ ಮುಂಚೆ ಹೇಳಿ, ಊಟ ಆದ ಮೇಲೆ ಯಾರೂ ಕೇಳಿಸಿಕೊಳ್ಳೋದಿಲ್ಲ.

ಇನ್ನು ಕನ್ನಡಕ. ಇದು ನಿಜವಾದ ತೊಂದರೆ, ಧೈರ್ಯದ ಮಾತಿನಿಂದ ಹೋಗೋದಲ್ಲ. ಗಲ್ಲ ಕೋಲಿಗೆ ತಾಗೋ ಹಾಗೆ ಬಗ್ಗಿದಾಗ ಕಣ್ಣು ಕನ್ನಡಕದ ಮೇಲಂಚಿನಿಂದ ಆಚೆ ನೋಡುತ್ತೆ, ದೂರದ ಚೆಂಡು ಮಸುಕು. 1985ರ ವಿಶ್ವ ಚಾಂಪಿಯನ್ ಡೆನ್ನಿಸ್ ಟೇಲರ್ ಇದಕ್ಕೇ ಅಂತ ಬೇರೆ ಕನ್ನಡಕ ಮಾಡಿಸಿಕೊಂಡಿದ್ದರು, ಗಾಜು ದೊಡ್ಡದು, ಹುಬ್ಬಿಗಿಂತ ಮೇಲಕ್ಕೆ ಎತ್ತಿ ಕೂರೋದು. ಉಲ್ಟಾ ಹಾಕಿಕೊಂಡಿದ್ದಾರಾ ಅಂತ ಜನ ನಗುತ್ತಿದ್ದರು. ಅದನ್ನೇ ಹಾಕಿಕೊಂಡು ಸ್ಟೀವ್ ಡೇವಿಸ್‌ನಂಥ ಆಟಗಾರನನ್ನು ಫೈನಲ್‌ನಲ್ಲಿ ಕೊನೆಯ ಫ್ರೇಮಿನ ಕೊನೆಯ ಕಪ್ಪು ಚೆಂಡಿನ ಮೇಲೆ ಸೋಲಿಸಿದರು. ನಿಮ್ಮ ಕನ್ನಡಕದ ಅಂಗಡಿಯವರಿಗೆ ಹೇಳಿ, ಬಗ್ಗಿ ಮೇಲೆ ನೋಡಿದರೂ ಕಾಣೋ ಹಾಗೆ ದೊಡ್ಡ ಗಾಜಿನದು ಬೇಕು, ಓದೋಕಲ್ಲ ಅಂತ. ಚಾಳೀಸಿನದು ಬೇಡ, ದೂರ ನೋಡೋ ನಂಬರಿನದು ಮಾತ್ರ ಹಾಕಿಸಿ.

ಬೆಳಗಾವಿಗೆ ಬರೋದಿದ್ದರೆ ಮೊದಲೇ ಒಂದು ಕಾರ್ಡ್ ಹಾಕಿ. ಆ ಮೆಟ್ಟಿಲಿನ ಪಾರ್ಲರ್ ಈಗಿಲ್ಲ, ಬೇರೆ ಒಂದಿದೆ, ಬೆಳಗ್ಗೆ ಹನ್ನೊಂದಕ್ಕೆ ತೆಗೀತಾರೆ. ಬಾಗಿಲಲ್ಲಿ ಯಾರಾದರೂ ಯಾರನ್ನ ಹುಡುಕ್ಕೊಂಡು ಬಂದೀರಿ ಅಂತ ಕೇಳಿದರೆ ನನ್ನ ಹೆಸರು ಹೇಳಿ, ನಾನು ಒಳಗೇ ಇರ್ತೀನಿ.